ಫೈಬರ್‌ಗೆ ಯಾವ ಮಾಡ್ಯುಲೇಶನ್? ಮೊದಲು ದಾರಿ ಅಳೆಯಿರಿ, ಆಮೇಲೆ ಆರಿಸಿ

ಫೈಬರ್ ಲಿಂಕ್ ಹಾಕಲು ಹೊರಟವರು ಮೊದಲು ಕೇಳುವುದು "400 ಗಿಗ್ ಬರುತ್ತಾ?" ಅಂತ (ಗಿಗ್ ಅಂದರೆ ಸೆಕೆಂಡಿಗೆ ಗಿಗಾಬಿಟ್). ನಾನು ತಿರುಗಿ ಕೇಳುವುದು ಮೂರೇ ಪ್ರಶ್ನೆ. ಎಷ್ಟು ಕಿಲೋಮೀಟರ್? ಎಷ್ಟು ಡಿಬಿ ಲಾಸ್ (ದಾರಿಯಲ್ಲಿ ನಷ್ಟವಾಗುವ ಬೆಳಕು, ಡಿಬಿ ಎಂಬ ಅಳತೆಯಲ್ಲಿ)? ಮಧ್ಯೆ ಎಷ್ಟು ಜಾಯಿಂಟ್? ಈ ಮೂರಕ್ಕೆ ಉತ್ತರ ಸಿಗುವವರೆಗೆ ಮಾಡ್ಯುಲೇಶನ್ ವಿಷಯ ಮಾತಾಡಿ ಪ್ರಯೋಜನ ಇಲ್ಲ. ಪೆಟ್ಟಿಗೆಯ ಮೇಲಿನ ದೊಡ್ಡ ಸಂಖ್ಯೆ ನೋಡಿ ಮಾಡ್ಯೂಲ್ (ಬೆಳಕು ಕಳಿಸಿ ಓದುವ ಪುಟ್ಟ ಉಪಕರಣ) ತಂದು, ಆಮೇಲೆ ಲಿಂಕ್ ನಿಲ್ಲುತ್ತಿಲ್ಲ ಎಂದು ತಿಂಗಳುಗಟ್ಟಲೆ ಒದ್ದಾಡಿದವರನ್ನು ನಾನು ತುಂಬಾ ನೋಡಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಊರಿನಲ್ಲಿ ಸಣ್ಣ ಇಂಟರ್ನೆಟ್ ನೆಟ್‌ವರ್ಕ್ ನಡೆಸುವವರಿಗೆ, ಲ್ಯಾಬ್‌ನಲ್ಲಿ ಮೊದಲ ಸಲ ಮಾಡ್ಯುಲೇಟರ್ ಮುಟ್ಟುವ ವಿದ್ಯಾರ್ಥಿಗಳಿಗೆ, ಇಬ್ಬರಿಗೂ ಉಪಯೋಗ ಆಗಲಿ.

ಮಾಡ್ಯುಲೇಶನ್ ಅಂದರೆ ಬೆಳಕಿನ ಮೇಲೆ ಮಾಹಿತಿ ಹೊರಿಸುವುದು. ಕರೆಂಟ್ ಹೋದ ರಾತ್ರಿ ಎದುರು ಮನೆಯ ತಾರಸಿಯಲ್ಲಿರುವ ಗೆಳೆಯನಿಗೆ ಟಾರ್ಚ್ ಹಚ್ಚಿ ಆರಿಸಿ ಸನ್ನೆ ಮಾಡುತ್ತೀರಿ ಅಲ್ವಾ, ಅದೂ ಮಾಡ್ಯುಲೇಶನ್ನೇ. ಗ್ರಹಾಂ ಬೆಲ್ 1880ರಲ್ಲೇ ಮಾತಿನ ಸದ್ದಿಗೆ ಅಲುಗುವ ಕನ್ನಡಿಯಿಂದ ಸೂರ್ಯನ ಬೆಳಕನ್ನು ಏರಿಳಿಸಿ ದೂರಕ್ಕೆ ಧ್ವನಿ ಕಳಿಸಿದ್ದರು. ಆಗ ಫೈಬರ್ ಇರಲಿಲ್ಲ, ಮೋಡ ಬಂದರೆ ಮಾತು ನಿಲ್ಲುತ್ತಿತ್ತು. ಬೆಳಕಿನಲ್ಲಿ ನಾವು ಬದಲಾಯಿಸಬಹುದಾದದ್ದು ಕೆಲವೇ: ಅದರ ಪ್ರಮಾಣ, ಅದರ ಫೇಸ್ (ಅಲೆಯ ಏರಿಳಿತ ಯಾವ ಹಂತದಲ್ಲಿದೆ ಎಂಬುದು), ಅದರ ಬಣ್ಣ, ಅದು ಕಂಪಿಸುವ ದಿಕ್ಕು, ಅಂದರೆ ಧ್ರುವೀಕರಣ. ಮುಂದೆ ಬರುವ ಎಲ್ಲ ಹೆಸರುಗಳೂ ಇವುಗಳ ಬೇರೆ ಬೇರೆ ಜೋಡಣೆ ಅಷ್ಟೇ.

ಮೊದಲು ಅಳತೆ

ಒಟಿಡಿಆರ್ (ಫೈಬರ್‌ಗೆ ಬೆಳಕು ಬಿಟ್ಟು ತಿರುಗಿ ಬರುವುದನ್ನು ಓದುವ ಉಪಕರಣ) ಹಾಕಿ ಉದ್ದ ನೋಡಿ. ಬೆಳಕಿನ ಮೂಲ ಒಂದು ತುದಿಯಲ್ಲಿ, ಪವರ್ ಮೀಟರ್ ಇನ್ನೊಂದು ತುದಿಯಲ್ಲಿ ಇಟ್ಟು ಲಾಸ್ ಅಳೆಯಿರಿ. 1310ರಲ್ಲೂ 1550 ನ್ಯಾನೋಮೀಟರ್‌ನಲ್ಲೂ (ಇವು ಬೆಳಕಿನ ಬಣ್ಣಗಳು, ಅಂದರೆ ತರಂಗಾಂತರ) ಎರಡು ಸಲ ಅಳೆಯಿರಿ. ಅದಕ್ಕೂ ಮೊದಲು ಕನೆಕ್ಟರ್ ಒರೆಸಿ, ಸ್ಕೋಪ್‌ನಲ್ಲಿ ನೋಡಿ. ಫೈಬರ್‌ನ ನಡುವಿನ ಬೆಳಕು ಹೋಗುವ ದಾರಿ ಸುಮಾರು 9 ಮೈಕ್ರಾನ್ ಅಗಲ. ಕಣ್ಣಿಗೆ ಕಾಣದ ಧೂಳಿನ ಕಣ ಸಾಕು ಅದನ್ನು ಮುಚ್ಚಲು. ಹಾಂ, ಬೆಳಕು ಬರುತ್ತಿದೆಯಾ ಎಂದು ತುದಿಯನ್ನು ಕಣ್ಣಿನ ಹತ್ತಿರ ಹಿಡಿಯಲೇಬೇಡಿ. ಈ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಆದರೆ ಕಣ್ಣನ್ನು ಹಾಳು ಮಾಡುತ್ತದೆ.

ಒಂದು ಲೆಕ್ಕ ಮಾಡೋಣ. ಹುಬ್ಬಳ್ಳಿ–ಧಾರವಾಡದಷ್ಟು ದೂರ, 22 ಕಿ.ಮೀ. ಸಾಮಾನ್ಯ ಸಿಂಗಲ್ ಮೋಡ್ ಫೈಬರ್ ಅಂದುಕೊಳ್ಳಿ. 1310ರಲ್ಲಿ ಕಿಲೋಮೀಟರಿಗೆ 0.35 ಡಿಬಿ ಹೋದರೆ 7.7 ಡಿಬಿ. ಎರಡು ಕಿ.ಮೀ.ಗೊಂದು ಸ್ಪ್ಲೈಸ್ (ಜಾಯಿಂಟ್), ಒಂದೊಂದಕ್ಕೆ 0.1 ಹಿಡಿದರೆ 1.1. ನಾಲ್ಕು ಕನೆಕ್ಟರಿಗೆ ಅರ್ಧರ್ಧ ಡಿಬಿಯಂತೆ 2. ಒಟ್ಟು 10.8 ಡಿಬಿ. ಈಗ 1310ರಲ್ಲಿ ಓಡುವ 10 ಗಿಗ್‌ನ ಎಲ್‌ಆರ್ ಎಂಬ ಮಾಡ್ಯೂಲ್ ತೆಗೆದುಕೊಳ್ಳಿ. ಅದು ಕಡಿಮೆ ಅಂದರೆ ಮೈನಸ್ 8.2 ಡಿಬಿಎಂ (ಬೆಳಕಿನ ಪವರ್‌ನ ಅಳತೆ, ಸೊನ್ನೆ ಅಂದರೆ 1 ಮಿಲಿವ್ಯಾಟ್) ಕಳಿಸುತ್ತದೆ, ಮೈನಸ್ 14.4ರ ಕೆಳಗೆ ಇಳಿದರೆ ಓದುವುದಿಲ್ಲ. ಕೈಯಲ್ಲಿರುವುದು 6.2 ಡಿಬಿ. ಆಗುವುದಿಲ್ಲ, ಅಲ್ಲಿಗೆ ಮುಗಿಯಿತು. ಅದೇ ದಾರಿಯನ್ನು 1550ರಲ್ಲಿ ಲೆಕ್ಕ ಹಾಕಿ. ಕಿಲೋಮೀಟರಿಗೆ 0.22 ಹಿಡಿದರೆ 4.8, ಜಾಯಿಂಟ್ ಕನೆಕ್ಟರ್ ಸೇರಿ 7.9. ಮುಂದೆ ಫೈಬರ್ ತುಂಡಾಗಿ ಹೊಸ ಜಾಯಿಂಟ್ ಬೀಳುತ್ತದೆ, ಅದಕ್ಕೆ 3 ಡಿಬಿ ಕೈಯಲ್ಲಿಡಿ. 10.9 ಆಯಿತು. 1550ರ ಇಆರ್ ಮಾಡ್ಯೂಲ್ ಮೈನಸ್ 4.7 ಕಳಿಸಿ ಮೈನಸ್ 15.8ರವರೆಗೆ ಓದುತ್ತದೆ, ಅಂದರೆ 11.1 ಡಿಬಿ. ಸರಿಯಾಗಿ ಕೂತಿತು.

ಹಚ್ಚು, ಆರಿಸು

ಮೇಲಿನ ಎರಡೂ ಮಾಡ್ಯೂಲ್ ಮಾಡುವುದು ಟಾರ್ಚ್ ಕೆಲಸವೇ. ಬೆಳಕು ಜಾಸ್ತಿ ಇದ್ದರೆ ಒಂದು, ಕಡಿಮೆ ಇದ್ದರೆ ಸೊನ್ನೆ. ಇದಕ್ಕೆ ಎನ್‌ಆರ್‌ಝಡ್ ಎನ್ನುತ್ತಾರೆ. ಆದರೆ ಹಚ್ಚಿ ಆರಿಸುವ ರೀತಿ ಬೇರೆ. ಎಲ್‌ಆರ್‌ನಲ್ಲಿ ಲೇಸರ್‌ಗೆ ಹೋಗುವ ಕರೆಂಟನ್ನೇ ಏರಿಸಿ ಇಳಿಸುತ್ತಾರೆ. ಅಗ್ಗ, ಸಣ್ಣದು, ಕರೆಂಟ್ ಕಡಿಮೆ ಎಳೆಯುತ್ತದೆ. ತೊಂದರೆ ಏನೆಂದರೆ ಕರೆಂಟ್ ಏರಿಳಿದಾಗ ಲೇಸರ್‌ನ ಬಣ್ಣವೂ ಚೂರು ಜಾರುತ್ತದೆ. ಇದನ್ನು ಚಿರ್ಪ್ ಎನ್ನುತ್ತಾರೆ. ಇಆರ್‌ನಲ್ಲಿ ಲೇಸರ್ ಒಂದೇ ಸಮನೆ ಉರಿಯುತ್ತದೆ, ಅದರ ಮುಂದೆ ಬೆಳಕನ್ನು ಹೀರಿಕೊಳ್ಳುವ ಒಂದು ಸಣ್ಣ ಬಾಗಿಲು ಇರುತ್ತದೆ, ವೋಲ್ಟೇಜ್ ಕೊಟ್ಟರೆ ಮುಚ್ಚುತ್ತದೆ, ತೆಗೆದರೆ ತೆರೆಯುತ್ತದೆ. ಹಾಗಾಗಿ ಬಣ್ಣ ಅಷ್ಟಾಗಿ ಜಾರುವುದಿಲ್ಲ.

ಬಣ್ಣ ಜಾರಿದರೆ ನಮಗೇನು ಎಂದು ಕೇಳಬಹುದು. ಇಲ್ಲೇ ಎಲ್ಲ ಇರುವುದು. 1550ರ ಸುತ್ತ ಫೈಬರ್‌ನಲ್ಲಿ ಬೇರೆ ಬೇರೆ ಬಣ್ಣ ಬೇರೆ ಬೇರೆ ವೇಗದಲ್ಲಿ ಹೋಗುತ್ತವೆ. ತೇರು ಮುಗಿಸಿ ಒಂದೇ ಗುಂಪಾಗಿ ಊರಿಗೆ ಹೊರಟ ಜನ ನಡೆಯುತ್ತಾ ನಡೆಯುತ್ತಾ ಉದ್ದಕ್ಕೆ ಚದುರುತ್ತಾರಲ್ಲ, ಹಾಗೆ ಬೆಳಕಿನ ಒಂದು ತುಣುಕೂ ಉದ್ದಕ್ಕೆ ಚದುರಿ ಪಕ್ಕದ ತುಣುಕಿನ ಮೇಲೆ ಬೀಳುತ್ತದೆ. ಇದು ಡಿಸ್ಪರ್ಶನ್. ಒಂದು ನ್ಯಾನೋಮೀಟರ್ ಬಣ್ಣದ ಅಗಲಕ್ಕೆ, ಒಂದು ಕಿಲೋಮೀಟರಿಗೆ ಸುಮಾರು 17 ಪಿಕೋಸೆಕೆಂಡ್ ಚದುರುತ್ತದೆ. 10 ಗಿಗ್ ಸಿಗ್ನಲ್ಲಿನ ಅಗಲ, ಚಿರ್ಪ್ ಇಲ್ಲದಿದ್ದರೂ, ಸುಮಾರು 0.08 ನ್ಯಾನೋಮೀಟರ್. 22 ಕಿ.ಮೀ.ಗೆ 17 ಗುಣಿಸಿ 22 ಗುಣಿಸಿ 0.08, ಅಂದರೆ 30 ಪಿಕೋಸೆಕೆಂಡ್. ಒಂದು ಬಿಟ್‌ಗೆ ಇರುವ ಸಮಯ 100. ಪರವಾಗಿಲ್ಲ, ನಡೆಯುತ್ತದೆ. 80 ಕಿ.ಮೀ. ಆದರೆ 109, ಅಂದರೆ ಪಕ್ಕದ ಬಿಟ್‌ನ ಮನೆಗೇ ನುಗ್ಗಿತು. ಮಾಮೂಲಿ 10 ಗಿಗ್ ಸುಮಾರು ಈ ದೂರಕ್ಕೇ ನಿಲ್ಲುವುದು ಇದಕ್ಕೇ.

ಈಗ ವೇಗವನ್ನು ನಾಲ್ಕು ಪಟ್ಟು ಮಾಡಿ. ಸಿಗ್ನಲ್ಲಿನ ಅಗಲ ನಾಲ್ಕು ಪಟ್ಟಾಯಿತು, ಬಿಟ್‌ನ ಸಮಯ ಕಾಲು ಭಾಗಕ್ಕೆ ಇಳಿಯಿತು. ಪೆಟ್ಟು ಎರಡು ಕಡೆಯಿಂದ. ಹೋಗಬಹುದಾದ ದೂರ ನಾಲ್ಕನೇ ಒಂದಲ್ಲ, ಹದಿನಾರನೇ ಒಂದು! ಸುಮ್ನೆ ಟಾರ್ಚನ್ನು ಇನ್ನೂ ಬೇಗ ಬೇಗ ಹಚ್ಚಿ ಆರಿಸುವುದರಿಂದ ಮುಂದೆ ಹೋಗಲು ಆಗದು ಎಂಬುದು ಇಲ್ಲಿ ಗೊತ್ತಾಗುತ್ತದೆ. 1310ರ ಹತ್ತಿರ ಈ ಚದುರುವಿಕೆ ಬಹುತೇಕ ಸೊನ್ನೆ. ಅದಕ್ಕೇ 100 ಗಿಗ್‌ನ ಎಲ್‌ಆರ್4 ಮಾಡ್ಯೂಲ್ 1295ರಿಂದ 1310ರ ನಡುವೆ ನಾಲ್ಕು ಬಣ್ಣ ಇಟ್ಟುಕೊಂಡು, ಒಂದೊಂದರಲ್ಲಿ 25 ಗಿಗ್ ಹಚ್ಚಿ ಆರಿಸಿ 10 ಕಿ.ಮೀ. ತಲುಪಿಸುತ್ತದೆ.

ಒಂದು ಎಚ್ಚರಿಕೆ, ನನಗೇ ಆದ ಅನುಭವ. 80 ಕಿ.ಮೀ. ಮಾಡ್ಯೂಲ್ ಎರಡನ್ನು ಬೆಂಚಿನ ಮೇಲೆ ಪರೀಕ್ಷಿಸಲು ಎರಡು ಮೀಟರ್ ಪ್ಯಾಚ್ ಕಾರ್ಡ್‌ನಿಂದ ನೇರ ಜೋಡಿಸಿಬಿಟ್ಟೆ. ಒಂದರ ರಿಸೀವರ್ ಆ ದಿನವೇ ಕೆಟ್ಟಿತು. ಅವು ಪ್ಲಸ್ 4 ಡಿಬಿಎಂವರೆಗೂ ಕಳಿಸುತ್ತವೆ, ಆದರೆ ರಿಸೀವರ್ ಮೈನಸ್ 7ಕ್ಕಿಂತ ಹೆಚ್ಚು ತಡೆಯುವುದಿಲ್ಲ. ಬೆಂಚಿನಲ್ಲಿ ಜೋಡಿಸುವಾಗ ಮಧ್ಯೆ 15 ಡಿಬಿ ಅಟೆನ್ಯುಯೇಟರ್ (ಬೆಳಕು ಕುಗ್ಗಿಸುವ ತುಂಡು) ಹಾಕಿ. ಅದಿಲ್ಲದೆ ದೂರದ ಮಾಡ್ಯೂಲ್‌ಗೆ ಲೂಪ್ ಕೊಡಲೇಬೇಡಿ.

ಮನೆಗೆ ಬರುವ ಫೈಬರ್ ಕೂಡ ಹಚ್ಚು-ಆರಿಸು ಪದ್ಧತಿಯದೇ. ಒಂದೇ ಫೈಬರನ್ನು ಸ್ಪ್ಲಿಟರ್‌ನಿಂದ ಹಲವು ಮನೆಗೆ ಹಂಚುವ ಜಿಪಾನ್ ಪದ್ಧತಿಯಲ್ಲಿ 1490ರಲ್ಲಿ ಸೆಕೆಂಡಿಗೆ 2.488 ಗಿಗಾಬಿಟ್ ಕೆಳಗೆ ಬರುತ್ತದೆ, 1310ರಲ್ಲಿ 1.244 ಗಿಗಾಬಿಟ್ ಮೇಲೆ ಹೋಗುತ್ತದೆ. ಮೇಲೆ ಹೋಗುವಾಗ ಪ್ರತಿ ಮನೆಯ ಪೆಟ್ಟಿಗೆ ತನ್ನ ಸರದಿ ಬಂದಾಗ ಮಾತ್ರ ಲೇಸರ್ ಹಚ್ಚಬೇಕು, ಉಳಿದ ಹೊತ್ತು ಪೂರ್ತಿ ಆರಿಸಿರಬೇಕು. ಒಂದು ಮನೆಯ ಲೇಸರ್ ಕೆಟ್ಟು ಸದಾ ಉರಿಯುತ್ತಿದ್ದರೆ ಆ ಸ್ಪ್ಲಿಟರ್‌ನ ಎಲ್ಲ ಮನೆಗಳ ಲಿಂಕೂ ಬೀಳುತ್ತದೆ. 32 ಮನೆಗೆ ಹಂಚುವ ಸ್ಪ್ಲಿಟರ್ ಒಂದೇ ಸುಮಾರು 17 ಡಿಬಿ ನುಂಗುತ್ತದೆ, ಆದರೂ ಮನೆಯ ಪೆಟ್ಟಿಗೆ ಮೈನಸ್ 27 ಡಿಬಿಎಂವರೆಗೆ ಓದುವುದರಿಂದ ಎಲ್ಲ ನಡೆಯುತ್ತದೆ. ಇಷ್ಟು ನಷ್ಟ ತಡೆಯುವುದು ಎರಡೇ ಮಟ್ಟದ ಸರಳ ಮಾಡ್ಯುಲೇಶನ್ ಆಗಿರುವುದರಿಂದಲೇ. ಅದೇ ಫೈಬರ್‌ನಲ್ಲಿ 1550ರಲ್ಲಿ ಕೇಬಲ್ ಟಿವಿಯನ್ನೂ ಕಳಿಸುವ ಕಡೆ ನೋಡಿ. ಅಲ್ಲಿ ಟಿವಿಯ ಇಡೀ ಆರ್‌ಎಫ್ (ರೇಡಿಯೋ ತರಂಗದ) ಸಿಗ್ನಲ್ ಬೆಳಕಿನ ಏರಿಳಿತವಾಗಿ ಹಾಗೇ ಹೋಗುತ್ತದೆ. ಅದಕ್ಕೆ ತುಂಬಾ ಹೆಚ್ಚು ಪವರ್ ಬೇಕು. ಫೈಬರ್ ಎಲ್ಲೋ ಬಾಗಿದಾಗ ಇಂಟರ್ನೆಟ್ ಚೆನ್ನಾಗಿದ್ದು ಟಿವಿ ಮಾತ್ರ ಕೆಡುವುದು ಇದರಿಂದಲೇ. 1550ರ ಬೆಳಕು ಬಾಗಿದ ಕಡೆ ಬೇಗ ಸೋರುತ್ತದೆ ಎಂಬುದೂ ಜೊತೆಗೆ ಸೇರಿಕೊಳ್ಳುತ್ತದೆ.

ನಾಲ್ಕು ಮಟ್ಟ

ಹಚ್ಚು-ಆರಿಸು ಬದಲು ಟಾರ್ಚ್‌ನ ಬೆಳಕನ್ನು ನಾಲ್ಕು ಮಟ್ಟದಲ್ಲಿ ಇಟ್ಟರೆ ಒಂದು ಸಲಕ್ಕೆ ಎರಡು ಬಿಟ್ ಹೋಗುತ್ತದೆ. ಇದು ಪ್ಯಾಮ್4. ಎದುರು ಮನೆಯವನಿಗೆ ನಾಲ್ಕು ಮಟ್ಟ ಗೊತ್ತಾಗುತ್ತದೆ, ಮಂಜು ಬಿದ್ದ ಬೆಳಗ್ಗೆ ಮೂರನೇ ಬೀದಿಯವನಿಗೆ ಗೊತ್ತಾಗುವುದಿಲ್ಲ. ಮೊದಲಿದ್ದ ಒಂದು ಅಂತರವನ್ನು ಮೂರಾಗಿ ಹಂಚಿದ್ದರಿಂದ ಸುಮಾರು 4.8 ಡಿಬಿ ಬೆಳಕಿನ ಲಾಭ ಕೈತಪ್ಪಿತು. ಡೇಟಾ ಸೆಂಟರ್ ಒಳಗೆ 400 ಗಿಗ್ ಮಾಡ್ಯೂಲ್‌ಗಳು 500 ಮೀಟರ್, 2 ಕಿ.ಮೀ. ಎಂದು ಬರುವುದು ಸುಮ್ಮನೆ ಅಲ್ಲ.

ಪ್ಯಾಮ್4 ಹಾಕುವಾಗ ನೆನಪಿಡಬೇಕಾದದ್ದು, ಇದರಲ್ಲಿ ತಪ್ಪು ಬಿಟ್ ಬರುವುದು ಸಹಜ. ತಪ್ಪು ತಿದ್ದುವ ಫೆಕ್ ಇಲ್ಲದೆ ಇದು ನಡೆಯುವುದೇ ಇಲ್ಲ. ಸ್ವಿಚ್‌ನಲ್ಲಿ ಫೆಕ್‌ಗೆ ಮೊದಲಿನ ತಪ್ಪಿನ ಪ್ರಮಾಣ ನೋಡಿ. ಹತ್ತು ಸಾವಿರ ಬಿಟ್‌ಗೆ 2.4 ತಪ್ಪು ಎಂಬುದು ಗಡಿ. ಲಿಂಕ್ ಹಸಿರು ತೋರಿಸುತ್ತಿದೆ, ಪಿಂಗ್ ಚೆನ್ನಾಗಿದೆ ಎಂದು ಬಿಡಬೇಡಿ. ಗಡಿಗೆ ತಾಗಿಕೊಂಡೇ ನಿಂತಿರಬಹುದು, ನಾಳೆ ಬೀಳಬಹುದು. ಇನ್ನೊಂದು ವಿಷಯ, ಮಟ್ಟಗಳು ಹತ್ತಿರ ಹತ್ತಿರ ಇರುವುದರಿಂದ ಕನೆಕ್ಟರ್‌ನಿಂದ ತಿರುಗಿ ಬರುವ ಬೆಳಕೂ ಇದಕ್ಕೆ ತೊಂದರೆ ಕೊಡುತ್ತದೆ. ಹಸಿರು ಬಣ್ಣದ ಎಪಿಸಿ ಕನೆಕ್ಟರ್‌ನ ಮುಖ ಓರೆಯಾಗಿ ಉಜ್ಜಿರುವುದು ಇದನ್ನು ತಡೆಯಲು. ಹಸಿರನ್ನು ನೀಲಿಗೆ ಎಂದೂ ಜೋಡಿಸಬೇಡಿ, ಓರೆ ಮುಖ ಚಪ್ಪಟೆ ಮುಖಕ್ಕೆ ಕೂರುವುದಿಲ್ಲ, ಲಾಸೂ ಜಾಸ್ತಿ, ಎರಡೂ ತುದಿ ಗೀರಿ ಹೋಗುತ್ತವೆ.

ಬೆಂಚಿನ ಮೇಲೆ ಮಾಕ್-ಜೆಂಡರ್

ವಿದ್ಯಾರ್ಥಿಗಳೇ, ಇದು ನಿಮಗೆ. ಇದೊಂದನ್ನು ಕೈಯಾರೆ ಮಾಡಿದರೆ ಉಳಿದೆಲ್ಲ ಹಗುರ ಆಗುತ್ತದೆ. ಮಾಕ್-ಜೆಂಡರ್ ಒಂದು ಮಾಡ್ಯುಲೇಟರ್. ಅದರ ಲಿಥಿಯಂ ನಯೋಬೇಟ್ ಹರಳಿನೊಳಗೆ ಬೆಳಕು ಎರಡು ದಾರಿಯಾಗಿ ಒಡೆದು ಮತ್ತೆ ಒಂದಾಗುತ್ತದೆ. ಒಂದು ದಾರಿಗೆ ವೋಲ್ಟೇಜ್ ಕೊಟ್ಟರೆ ಅಲ್ಲಿ ಬೆಳಕು ಕೊಂಚ ನಿಧಾನ ಆಗುತ್ತದೆ. ಏರಿನ ಮೇಲೆ ಏರು ಬಿದ್ದರೆ ಬೆಳಕು, ಏರಿನ ಮೇಲೆ ಇಳಿವು ಬಿದ್ದರೆ ಕತ್ತಲೆ.

ಲೇಸರ್ ಆರಿಸಿಯೇ ಜೋಡಿಸಿ. ಒಳಬರುವ ಕಡೆ ಧ್ರುವೀಕರಣ ಕಾಯ್ದುಕೊಳ್ಳುವ ಫೈಬರ್ ಬೇಕು, ಮಾಮೂಲಿ ಪ್ಯಾಚ್ ಕಾರ್ಡ್ ಹಾಕಿದರೆ ಕೈ ತಾಗಿದಾಗಲೆಲ್ಲ ಮೀಟರ್ ಕುಣಿಯುತ್ತದೆ. ಹೊರಗೆ ಪವರ್ ಮೀಟರ್ ಇಡಿ. ಬಯಾಸ್ ಕಾಲಿಗೆ (ಸ್ಥಿರ ವೋಲ್ಟೇಜ್ ಕೊಡುವ ಪಿನ್) ಡಿಸಿ ಸಪ್ಲೈ ಕೊಟ್ಟು ಸೊನ್ನೆಯಿಂದ 0.2 ವೋಲ್ಟ್‌ನಂತೆ ಏರಿಸುತ್ತಾ ಹೋಗಿ. ಡೇಟಾ ಶೀಟ್‌ನ ಮಿತಿ ದಾಟಬೇಡಿ. ಪ್ರತಿ ಹೆಜ್ಜೆಗೂ ಪವರ್ ಬರೆದುಕೊಳ್ಳಿ. ಬೆಳಕು ಮೆಲ್ಲಗೆ ಇಳಿದು, ಒಂದು ಕಡೆ ಧುಮುಕಿ, ಮತ್ತೆ ಏರುತ್ತದೆ. ಆ ಧುಮುಕುವ ಜಾಗದ ಹತ್ತಿರ ಹೆಜ್ಜೆಯನ್ನು 0.05ಕ್ಕೆ ಸಣ್ಣದು ಮಾಡಿ, ಇಲ್ಲದಿದ್ದರೆ ತಳ ಸಿಗದೆ ಜಾರಿ ಹೋಗುತ್ತದೆ. ತುದಿಗೂ ತಳಕ್ಕೂ ನಡುವಿನ ವೋಲ್ಟೇಜನ್ನು ವಿ-ಪೈ ಎನ್ನುತ್ತಾರೆ, ಸಾಮಾನ್ಯವಾಗಿ 3ರಿಂದ 6 ವೋಲ್ಟ್. ತುದಿಗೂ ತಳಕ್ಕೂ 20 ಡಿಬಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ನಿಮ್ಮ ಜೋಡಣೆ ಚೆನ್ನಾಗಿದೆ. ಬರದಿದ್ದರೆ ಮೊದಲು ಧ್ರುವೀಕರಣವನ್ನೇ ಅನುಮಾನಿಸಿ.

ಎನ್‌ಆರ್‌ಝಡ್ ಅಥವಾ ಪ್ಯಾಮ್4 ಕಳಿಸಬೇಕಿದ್ದರೆ ತುದಿಯಿಂದ 3 ಡಿಬಿ ಕೆಳಗೆ, ಅಂದರೆ ಅರ್ಧ ಬೆಳಕಿನ ಜಾಗದಲ್ಲಿ ಬಯಾಸ್ ನಿಲ್ಲಿಸಿ. ಅಲ್ಲಿ ರೇಖೆ ಹೆಚ್ಚು ನೇರ ಇರುತ್ತದೆ. ಫೇಸ್ ಬದಲಿಸುವ ಮಾಡ್ಯುಲೇಶನ್‌ಗೆ ತಳದಲ್ಲಿ ನಿಲ್ಲಿಸಿ, ಆರ್‌ಎಫ್ ಸಿಗ್ನಲ್ ಎರಡು ವಿ-ಪೈ ಅಗಲ ತೂಗಲಿ. ತಳದ ಈಚೆ ಬೆಳಕಿಗೆ ಒಂದು ಫೇಸ್, ಆಚೆ ಅದಕ್ಕೆ ಸರಿಯಾಗಿ ಉಲ್ಟಾ ಫೇಸ್. ಮೊದಲ ಸಲ ಇದನ್ನು ನೋಡಿದಾಗ ನನಗಾದ ಖುಷಿ ಇವತ್ತಿಗೂ ನೆನಪಿದೆ. ಆಮೇಲೆ ಊಟಕ್ಕೆ ಹೋಗಿ ಬನ್ನಿ, ಬಂದು ನೋಡಿದರೆ ಬಯಾಸ್ ಸರಿದಿರುತ್ತದೆ. ಬಿಸಿಗೆ, ಹೊತ್ತು ಕಳೆದ ಹಾಗೆ ಈ ಹರಳು ಜಾರುತ್ತದೆ. ಅದಕ್ಕೇ ನಿಜವಾದ ಉಪಕರಣದಲ್ಲಿ ಒಂದು ಸಣ್ಣ ಪರೀಕ್ಷಾ ಸ್ವರವನ್ನು ಸೇರಿಸಿ ಬಯಾಸನ್ನು ಸದಾ ಸರಿಪಡಿಸುತ್ತಿರುವ ಸರ್ಕ್ಯೂಟ್ ಇರುತ್ತದೆ.

ಕೊಹೆರೆಂಟ್

ಸಾಮಾನ್ಯ ಫೋಟೋಡಯೋಡ್‌ಗೆ ಬೆಳಕು ಎಷ್ಟಿದೆ ಎಂಬುದಷ್ಟೇ ಗೊತ್ತಾಗುತ್ತದೆ, ಫೇಸ್ ಕಳೆದುಹೋಗುತ್ತದೆ. ಫೇಸ್ ಕಳೆದ ಮೇಲೆ ಚದುರಿದ್ದನ್ನು ಪೂರ್ತಿ ಒಟ್ಟುಗೂಡಿಸುವುದು ಸಾಧ್ಯವಿಲ್ಲ. ಕೊಹೆರೆಂಟ್ ರಿಸೀವರ್‌ನಲ್ಲಿ ತನ್ನದೇ ಒಂದು ಲೇಸರ್ ಇರುತ್ತದೆ. ಬಂದ ಬೆಳಕನ್ನು ಅದರ ಜೊತೆ ಬೆರೆಸಿ ನೋಡಿದರೆ ಪ್ರಮಾಣ, ಫೇಸ್, ಎರಡು ಧ್ರುವೀಕರಣ ಎಲ್ಲ ಸಿಗುತ್ತವೆ. ಆಮೇಲೆ ಚಿಪ್ ಲೆಕ್ಕ ಹಾಕಿ ಡಿಸ್ಪರ್ಶನ್ ಅನ್ನು ಬಿಡಿಸಿಬಿಡುತ್ತದೆ. 1980ರ ದಶಕದಲ್ಲೇ ಇದರ ಮೇಲೆ ತುಂಬಾ ಕೆಲಸ ನಡೆದಿತ್ತು. ದಾರಿಯ ಮಧ್ಯೆ ಬೆಳಕನ್ನೇ ಹೆಚ್ಚಿಸುವ ಎರ್ಬಿಯಂ ಆಂಪ್ಲಿಫೈಯರ್ ಬಂದ ಮೇಲೆ ಬದಿಗೆ ಸರಿಯಿತು, ವೇಗದ ಚಿಪ್‌ಗಳು ಬಂದ 2008ರ ಹೊತ್ತಿಗೆ ಮತ್ತೆ ಬಂತು.

ಕೊಹೆರೆಂಟ್‌ನ ಕ್ಯೂಪಿಎಸ್‌ಕೆ ಎಂಬ ಮಾಡ್ಯುಲೇಶನ್‌ನಲ್ಲಿ ನಾಲ್ಕು ಫೇಸ್, ಎರಡು ಧ್ರುವೀಕರಣ, ಒಂದು ಸಲಕ್ಕೆ ನಾಲ್ಕು ಬಿಟ್. ಫೇಸ್, ಪ್ರಮಾಣ ಎರಡನ್ನೂ ಬದಲಿಸುವ 16-ಕ್ವಾಮ್‌ನಲ್ಲಿ ಎಂಟು ಬಿಟ್. ಬಿಟ್ ಎರಡು ಪಟ್ಟಾಯಿತು, ಆದರೆ ಸಿಗ್ನಲ್ ನಾಯ್ಸ್‌ಗಿಂತ (ಜೊತೆಗೆ ಸೇರುವ ಬೇಡದ ಗದ್ದಲಕ್ಕಿಂತ) ಇನ್ನೂ ಸುಮಾರು 7 ಡಿಬಿ ಮೇಲಿರಬೇಕು. 7 ಡಿಬಿ ಅಂದರೆ ಐದು ಪಟ್ಟು. ಆಂಪ್ಲಿಫೈಯರ್‌ಗಳ ಸಾಲಿನಲ್ಲಿ ದೂರ ಐದನೇ ಒಂದಕ್ಕೆ ಇಳಿಯುತ್ತದೆ ಎಂದು ಸ್ಥೂಲವಾಗಿ ಹಿಡಿಯಿರಿ.

ಬೆಂಗಳೂರು–ತುಮಕೂರು ರಸ್ತೆ 70 ಕಿ.ಮೀ., ಸುತ್ತು ಸೇರಿ ಫೈಬರ್ 80 ಎಂದುಕೊಳ್ಳೋಣ. 1550ರಲ್ಲಿ 17.6, ನಲವತ್ತು ಸ್ಪ್ಲೈಸ್‌ಗೆ 4, ಕನೆಕ್ಟರಿಗೆ 2, ಒಟ್ಟು 23.6 ಡಿಬಿ. 80 ಕಿ.ಮೀ.ಯ 10 ಗಿಗ್ ಮಾಡ್ಯೂಲ್‌ಗೆ ಸಿಗುವುದು ಸುಮಾರು 24. ಉಳಿದದ್ದು 0.4. ಲಿಂಕ್ ಮೇಲೆ ಬರಬಹುದು, ನಾನಂತೂ ಇದನ್ನು ಯಾರಿಗೂ ಹೇಳುವುದಿಲ್ಲ. ಆಂಪ್ಲಿಫೈಯರ್ ಹಾಕಿ ಲೆಕ್ಕ ಮಾಡಿ. ಒಂದೇ ಹಂತದ ದಾರಿಗೆ ಸೂತ್ರ ಸುಲಭ: 58ಕ್ಕೆ ಫೈಬರ್‌ಗೆ ಬಿಡುವ ಪವರ್ ಕೂಡಿ, ಲಾಸ್ ಕಳೆಯಿರಿ, ಆಂಪ್ಲಿಫೈಯರ್‌ನ ನಾಯ್ಸ್ ಫಿಗರ್ (ಅದು ತಾನೇ ಸೇರಿಸುವ ನಾಯ್ಸ್‌ನ ಅಳತೆ) ಕಳೆಯಿರಿ. ಪವರ್ ಸೊನ್ನೆ ಡಿಬಿಎಂ, ನಾಯ್ಸ್ ಫಿಗರ್ 5.5 ಆದರೆ 28.9 ಡಿಬಿ ಒಎಸ್‌ಎನ್‌ಆರ್ (ನಾಯ್ಸ್‌ಗಿಂತ ಸಿಗ್ನಲ್ ಎಷ್ಟು ಮೇಲಿದೆ ಎಂಬ ಅಳತೆ). 400 ಝಡ್‌ಆರ್ ಎಂಬ 400 ಗಿಗ್‌ನ ಕೊಹೆರೆಂಟ್ ಮಾಡ್ಯೂಲ್ 16-ಕ್ವಾಮ್ ಬಳಸುತ್ತದೆ, ಅದಕ್ಕೆ 26 ಬೇಕು. ಉಳಿದದ್ದು 2.9. 100 ಗಿಗ್ ಕ್ಯೂಪಿಎಸ್‌ಕೆಗೆ 12ರಿಂದ 14 ಇದ್ದರೆ ಸಾಕು. ಹದಿನೈದರಷ್ಟು ಉಳಿಯುತ್ತದೆ.

ರಸ್ತೆ ಅಗಲ ಮಾಡುವ ಕೆಲಸ ನಡೆಯುತ್ತಿರುವ, ತಿಂಗಳಿಗೊಮ್ಮೆ ಕೇಬಲ್ ತುಂಡಾಗುವ ದಾರಿಯಾದರೆ ಕ್ಯೂಪಿಎಸ್‌ಕೆ ತೆಗೆದುಕೊಳ್ಳಿ, ಬೇಕಿದ್ದರೆ ಎರಡು ಬಣ್ಣದಲ್ಲಿ ಎರಡು ಹಾಕಿ. ಟ್ರಾಫಿಕ್ ನಿಜವಾಗಿ 400 ಮುಟ್ಟುತ್ತದೆ, ದಾರಿಯೂ ಗಟ್ಟಿ ಇದೆ ಎಂದಾದರೆ ಮಾತ್ರ 400. ಅದನ್ನು ಕೊಳ್ಳುವ ಮೊದಲು ಈಗಿರುವ ಮಕ್ಸ್ (ಹಲವು ಬಣ್ಣಗಳನ್ನು ಒಂದೇ ಫೈಬರ್‌ಗೆ ಸೇರಿಸುವ ಪೆಟ್ಟಿಗೆ) ನೋಡಿ. 400 ಝಡ್‌ಆರ್ ಸುಮಾರು 60 ಗಿಗಾಬಾಡ್ (ಸೆಕೆಂಡಿಗೆ 6,000 ಕೋಟಿ ಸಂಕೇತ) ಓಡುತ್ತದೆ, 50 ಗಿಗಾಹರ್ಟ್ಝ್ ಅಂತರದ ಹಳೇ ಮಕ್ಸ್ ಅದರ ಎರಡೂ ಬದಿ ಕತ್ತರಿಸಿಬಿಡುತ್ತದೆ. 75 ಅಥವಾ 100ರ ಅಂತರ ಬೇಕು.

ಲಿಂಕ್ ಮೇಲೆ ಬಂದ ದಿನ ಪವರ್, ಒಎಸ್‌ಎನ್‌ಆರ್, ಫೆಕ್‌ಗೆ ಮೊದಲಿನ ತಪ್ಪು, ಮೂರನ್ನೂ ಬರೆದು ರ‍್ಯಾಕ್ ಬಾಗಿಲಿಗೆ ಅಂಟಿಸಿ. ಪ್ರತಿ ಸಲ ಕೇಬಲ್ ತುಂಡಾಗಿ ಜೋಡಿಸಿದ ಮೇಲೆ ಅದರ ಪಕ್ಕದಲ್ಲೇ ಹೊಸ ಸಂಖ್ಯೆ ಬರೆಯಿರಿ. ರಾತ್ರಿ ಎರಡು ಗಂಟೆಗೆ ಮಳೆಯಲ್ಲಿ ಮಾಡಿದ ಜಾಯಿಂಟ್ ಬೆಳಗ್ಗೆ ಒಟಿಡಿಆರ್‌ನಲ್ಲಿ 0.7 ಡಿಬಿ ತೋರಿಸಿದರೆ ಮತ್ತೆ ಬಿಚ್ಚಿಸಿ ಮಾಡಿಸಿ. 400 ಗಿಗ್ ಲಿಂಕಿಗೆ ಉಳಿದಿದ್ದ 2.9ರಲ್ಲಿ ಅದೊಂದೇ ಕಾಲು ಭಾಗ ತಿಂದಿರುತ್ತದೆ.